ಸವೆದ ಕೇಸು, ಹೊಸ ಲೇಪ: ಹಳೆಯ ಕೈಗಡಿಯಾರದ ಮೈಯನ್ನು ಮತ್ತೆ ಕಟ್ಟುವ ಬಗೆ

ಹಳೆಯ ಕ್ರೋಮ್ ಲೇಪದ ಕೈಗಡಿಯಾರವೊಂದನ್ನು ಹತ್ತು ಪಟ್ಟು ಹಿಗ್ಗಿಸುವ ಮಸೂರದಡಿ ಇಟ್ಟು, ಪಟ್ಟಿಯನ್ನು ಹಿಡಿದುಕೊಳ್ಳುವ ನಾಲ್ಕು ಕೊಂಬುಗಳಲ್ಲಿ ಒಂದರ ತುದಿಯನ್ನು ನೋಡಿ. ಬರಿಗಣ್ಣಿಗೆ ಅಲ್ಲಿ ಕಾಣುವುದು ಬಣ್ಣಗೆಟ್ಟ ಹಳದಿ ಮಚ್ಚೆ ಮಾತ್ರ. ಮಸೂರದಡಿ ಅದೇ ಮಚ್ಚೆ ಒಂದರೊಳಗೊಂದು ಉಂಗುರಗಳಾಗಿ ಬಿಚ್ಚಿಕೊಳ್ಳುತ್ತದೆ. ಎಲ್ಲಕ್ಕಿಂತ ಹೊರಗೆ ನಸುನೀಲಿ ಛಾಯೆಯ ತಣ್ಣನೆಯ ಹೊಳಪು, ಅದು ಕ್ರೋಮಿಯಂ. ಅದರ ಒಳಗೆ ತುಸು ಹಳದಿಗೆ ವಾಲಿದ ಬಿಳುಪು, ಅದು ನಿಕಲ್. ಕೆಲವು ಕೇಸುಗಳಲ್ಲಿ ಆಮೇಲೆ ತಾಮ್ರದ ಕೆಂಪಿನ ಕೂದಲೆಳೆಯಂಥ ಗೆರೆ. ನಟ್ಟನಡುವೆ, ಅಂಗಿಯ ತೋಳಿನ ಅಂಚು ವರ್ಷಗಟ್ಟಲೆ ಉಜ್ಜಿ ಬರಿಮೈ ಮಾಡಿದ ಹಿತ್ತಾಳೆ. ಆ ಕೇಸನ್ನು ಕಾರ್ಖಾನೆಯಲ್ಲಿ ಯಾವ ಕ್ರಮದಲ್ಲಿ ಕಟ್ಟಿದರು, ಕಾಲ ಅದನ್ನು ಯಾವ ಕ್ರಮದಲ್ಲಿ ಬಿಚ್ಚಿತು ಎಂಬುದೆಲ್ಲ ಒಂದು ಮಿಲಿಮೀಟರ್ ಜಾಗದಲ್ಲಿ ಇದೆ.

"ಇದಕ್ಕೊಂದು ಒಳ್ಳೆಯ ಪಾಲಿಶ್ ಹಾಕಿಸಿ, ಮೇಲೊಂದು ಲೇಪ ಕೊಡಿಸಿದರೆ ಹೊಸದರ ಹಾಗಾಗುತ್ತದೆ" ಎನ್ನುವ ಮಾತನ್ನು ಹಳೆಯ ವಾಚುಗಳ ವಿಷಯದಲ್ಲಿ ಮತ್ತೆ ಮತ್ತೆ ಕೇಳುತ್ತೇವೆ. ಒಂದಕ್ಕೊಂದು ಎದುರಾದ ಎರಡು ಕೆಲಸಗಳು ಈ ಒಂದೇ ವಾಕ್ಯದಲ್ಲಿ ಸೇರಿಕೊಂಡಿವೆ. ಪಾಲಿಶ್ ಲೋಹವನ್ನು ಕಳೆಯುತ್ತದೆ, ಲೇಪ ಲೋಹವನ್ನು ಕೂಡಿಸುತ್ತದೆ. ಕಳೆದಷ್ಟನ್ನು ಕೂಡಿಸಿ ಸರಿದೂಗಿಸಬಹುದು ಎಂಬ ನಂಬಿಕೆಯಿಂದಲೇ ಎಷ್ಟೋ ಚೆಂದದ ಕೇಸುಗಳು ಹಾಳಾಗಿವೆ. ಅಳತೆಗಳನ್ನು ಒಮ್ಮೆ ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ಏಕೆ ಸರಿದೂಗುವುದಿಲ್ಲ ಎಂಬುದು ತಿಳಿಯುತ್ತದೆ.

ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಅಲಂಕಾರಕ್ಕೆ ಹಾಕುವ ಕ್ರೋಮ್ ಪದರ ಸಾಮಾನ್ಯವಾಗಿ ಅರ್ಧ ಮೈಕ್ರಾನನ್ನೂ ಮುಟ್ಟುವುದಿಲ್ಲ. ಒಳ್ಳೆಯ ಚಿನ್ನದ ಲೇಪದ ಹಳೆಯ ವಾಚುಗಳಲ್ಲಿ 10 ಅಥವಾ 20 ಮೈಕ್ರಾನ್ ಚಿನ್ನವಿರುತ್ತದೆ. ಇನ್ನು ಬೆವರು ಕೊರೆದ ಒಂದು ಸಾಧಾರಣ ಗುಳಿಯ ಆಳವನ್ನು ತೆಗೆದುಕೊಳ್ಳಿ: 0.2 ಮಿಲಿಮೀಟರ್, ಅಂದರೆ 200 ಮೈಕ್ರಾನ್. ಆ ಗುಳಿ ಕಾಣದಂತೆ ಮಾಡಲು ಸುತ್ತಲಿನ ಮೈಯನ್ನೆಲ್ಲ 200 ಮೈಕ್ರಾನ್ ಇಳಿಸಿ, ಮೇಲೆ 10 ಮೈಕ್ರಾನ್ ಚಿನ್ನ ಹಾಕಿದರೆ, ಕಳೆದದ್ದರಲ್ಲಿ ಇಪ್ಪತ್ತನೇ ಒಂದು ಪಾಲು ಮಾತ್ರ ಹಿಂದಕ್ಕೆ ಬಂದಂತಾಯಿತು. ಉಳಿದದ್ದು ಕೇಸಿನ ಆಕಾರದಿಂದ ಹೋಯಿತು.

ಇನ್ನೊಂದು ತಪ್ಪು ತಿಳಿವಳಿಕೆಯೂ ಇದೆ. ಲೇಪವೆಂದರೆ ಗೋಡೆಗೆ ಬಳಿದ ಬಣ್ಣದಂತೆ, ಅಡಿಯಲ್ಲಿರುವ ಕುಂದುಗಳನ್ನು ಅದು ಮುಚ್ಚಿಬಿಡುತ್ತದೆ ಎಂದು ಅನೇಕರು ಭಾವಿಸುತ್ತಾರೆ. ಆದರೆ ಇಷ್ಟು ತೆಳ್ಳಗಿನ ಲೇಪ ಅಡಿಯ ಮೈಯ ಆಕಾರವನ್ನೇ ಅನುಸರಿಸುತ್ತದೆ. ಗೀರಿನ ಮೇಲೆ ಕುಳಿತ ಕ್ರೋಮ್ ಹೊಳೆಯುವ ಗೀರಾಗುತ್ತದೆ. ಗುಳಿಯ ಮೇಲೆ ಕುಳಿತ ಚಿನ್ನ ಚಿನ್ನದ ಗುಳಿಯಾಗುತ್ತದೆ. ಮಂದವಾದ ಹಿತ್ತಾಳೆಯಲ್ಲಿ ಕಣ್ಣಿಗೆ ಬೀಳದ ಉಬ್ಬುತಗ್ಗುಗಳು ಕನ್ನಡಿಯಂಥ ಪದರ ಬಂದ ಮೇಲೆ ಎದ್ದು ಕಾಣುತ್ತವೆ. ಆದ್ದರಿಂದ ಈ ಕೆಲಸದಲ್ಲಿ ಲೇಪದ ತೊಟ್ಟಿಗೆ ಸಲ್ಲುವ ಸಮಯ ಅತ್ಯಲ್ಪ. ದಿನಗಟ್ಟಲೆ ಹಿಡಿಯುವುದು ಅದಕ್ಕೆ ಮುಂಚಿನ ಕೈಕೆಲಸ.

ಕೇಸು ಯಾವ ಲೋಹದ್ದು?

ಏನನ್ನೂ ಮುಟ್ಟುವ ಮೊದಲು ಉತ್ತರ ಕಂಡುಕೊಳ್ಳಬೇಕಾದ ಪ್ರಶ್ನೆ ಇದು. ಹಿಂಬದಿಯ ಮುಚ್ಚಳದ ಮೇಲೆ "ಸ್ಟೇನ್‌ಲೆಸ್ ಸ್ಟೀಲ್ ಬ್ಯಾಕ್" ಎಂದು ಕೆತ್ತಿರುವುದನ್ನು ಓದಿ ಇಡೀ ಕೇಸು ಉಕ್ಕಿನದು ಎಂದುಕೊಳ್ಳುವವರು ಬಹಳ. ಆ ಬರಹ ಮುಚ್ಚಳದ ಬಗ್ಗೆ ಮಾತ್ರ ಹೇಳುತ್ತಿದೆ. ಪಕ್ಕದಲ್ಲೇ "ಬೇಸ್ ಮೆಟಲ್ ಬೆಜೆಲ್" ಎಂದಿದ್ದರೆ ಮುಂದಿನ ಭಾಗ ಲೇಪ ಹಾಕಿದ ಹಿತ್ತಾಳೆ, ಇಲ್ಲವೇ ಅಗ್ಗದ ಸತುವಿನ ಮಿಶ್ರಲೋಹ. ಅಯಸ್ಕಾಂತ ಹಿಡಿದು ನೋಡುವುದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಹಿತ್ತಾಳೆ ಅದಕ್ಕೆ ಅಂಟುವುದಿಲ್ಲ, ಕೇಸುಗಳಿಗೆ ಬಳಸುವ ಬಗೆಯ ಸ್ಟೇನ್‌ಲೆಸ್ ಉಕ್ಕೂ ಹೆಚ್ಚು ಕಡಿಮೆ ಅಂಟುವುದಿಲ್ಲ. ಸವೆದ ಕೊಂಬಿನ ತುದಿಯೇ ನಂಬಬಹುದಾದ ಸಾಕ್ಷಿ. ಎಷ್ಟೇ ಸವೆದರೂ ಒಳಗೂ ಹೊರಗೂ ಒಂದೇ ಬಣ್ಣವಿದ್ದರೆ ಅದು ಗಟ್ಟಿ ಲೋಹ.

ಗಟ್ಟಿ ಉಕ್ಕಿನ ಕೇಸಿಗೆ ಲೇಪವೇ ಬೇಡ. ಉಕ್ಕಿನಲ್ಲಿರುವ ಕ್ರೋಮಿಯಂ ಗಾಳಿಯ ಆಮ್ಲಜನಕದೊಂದಿಗೆ ಸೇರಿ ಕಣ್ಣಿಗೆ ಕಾಣದ ಕಾಪಿನ ಪೊರೆಯೊಂದನ್ನು ತಾನೇ ಕಟ್ಟಿಕೊಳ್ಳುತ್ತದೆ. ಗೀರಿದರೆ ಮತ್ತೆ ಕಟ್ಟಿಕೊಳ್ಳುತ್ತದೆ. ಉಕ್ಕು ಕೊರೆದುಹೋಗುವ ಜಾಗ ಹೆಚ್ಚಾಗಿ ಹಿಂಬದಿ ಮುಚ್ಚಳದ ರಬ್ಬರ್ ಬಳೆಯ ಅಡಿ. ಅಲ್ಲಿ ಬೆವರು ಸೇರುತ್ತದೆ, ಗಾಳಿ ಸೇರುವುದಿಲ್ಲ, ಪೊರೆ ಮತ್ತೆ ಕಟ್ಟಿಕೊಳ್ಳುವುದಿಲ್ಲ.

ಚಿನ್ನದ ವಿಷಯ ಇನ್ನೂ ಕವಲುಕವಲಾಗಿದೆ. ಗಟ್ಟಿ ಚಿನ್ನದ ಕೇಸಿನಲ್ಲಿ 375, 585, 750 ಎಂಬ ಶುದ್ಧತೆಯ ಮುದ್ರೆಗಳಿರುತ್ತವೆ. ಇವು ಕ್ರಮವಾಗಿ 9, 14, 18 ಕ್ಯಾರೆಟ್. "ಗೋಲ್ಡ್ ಫಿಲ್ಡ್" ಎಂದಿದ್ದರೆ ಅದು ವಿದ್ಯುತ್ತಿನಿಂದ ಹಾಕಿದ ಲೇಪವಲ್ಲ. ಚಿನ್ನದ ತಗಡನ್ನು ಅಗ್ಗದ ಲೋಹದ ಹಾಳೆಗೆ ಶಾಖ ಮತ್ತು ಒತ್ತಡದಿಂದ ಬೆಸೆದು, ಉರುಳೆಗಳ ನಡುವೆ ತೆಳ್ಳಗೆ ಮಾಡಿ, ಆ ಹಾಳೆಯಿಂದಲೇ ಕೇಸನ್ನು ಒತ್ತಿ ತೆಗೆದಿರುತ್ತಾರೆ. ಜೇಮ್ಸ್ ಬಾಸ್ ಎಂಬಾತ ಇಂಥ ಕೇಸುಗಳಿಗೆ 1859ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದ. ಜೊತೆಗೆ 1/20 ಎಂದು ಬರೆದಿದ್ದರೆ ಲೋಹದ ತೂಕದಲ್ಲಿ ಇಪ್ಪತ್ತನೇ ಒಂದು ಪಾಲು ಚಿನ್ನದ ಮಿಶ್ರಲೋಹ ಎಂದರ್ಥ. ಈ ಪದರ ಮಾಮೂಲಿ ಲೇಪಕ್ಕಿಂತ ಎಷ್ಟೋ ದಪ್ಪ. ಹಗುರವಾಗಿ ಒಮ್ಮೆ ಒಪ್ಪ ಹಾಕಿದರೆ ತಡೆದುಕೊಳ್ಳಬಹುದು. "ಪ್ಲಾಕೆ ಜಿ 20" ಅಥವಾ ಸೋವಿಯತ್ ವಾಚುಗಳ "ಎಯು 20" ಎಂಬ ಗುರುತು ಮಾತ್ರ ಮೈಕ್ರಾನಿನ ಲೆಕ್ಕ: ಇಪ್ಪತ್ತು ಮೈಕ್ರಾನ್ ಚಿನ್ನ, ಅದರ ಅಡಿ ಬೇರೆ ಲೋಹ. ಇದರ ಮೇಲೆ ಪಾಲಿಶ್ ಚಕ್ರ ಒಂದು ನಿಮಿಷ ಹೆಚ್ಚಾಗಿ ನಿಂತರೆ ಅಂಚುಗಳಲ್ಲಿ ಹಿತ್ತಾಳೆ ಇಣುಕುತ್ತದೆ.

ತೀರಾ ಈಚಿನ ಚಿನ್ನದ ಬಣ್ಣದ ವಾಚುಗಳಲ್ಲಿ ಕಾಣುವುದು ಹಲವು ಬಾರಿ ಚಿನ್ನವಲ್ಲ, ನಿರ್ವಾತ ಕೋಣೆಯಲ್ಲಿ ಕೂರಿಸಿದ ಟೈಟಾನಿಯಂ ನೈಟ್ರೈಡ್. ಅದು ಉಕ್ಕಿಗಿಂತ ಬಹಳ ಗಡುಸು, ಒಪ್ಪಕ್ಕೆ ಬಗ್ಗುವುದಿಲ್ಲ. ಒಂದು ಕಡೆ ಕಿತ್ತುಬಂದರೆ ಪೂರ್ತಿ ತೆಗೆದು ಮತ್ತೆ ಹಾಕಿಸಬೇಕು.

ಏಣು ಉಳಿದರೆ ಕೇಸು ಉಳಿಯಿತು

ವಾಚಿನ ಕೇಸನ್ನು ರೂಪಿಸುವವರು ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುವುದು ಎರಡು ಮೈಗಳು ಸೇರುವ ಗೆರೆಯ ಬಗ್ಗೆ. ಕೊಂಬಿನ ಮೇಲ್ಮೈ ಸಪಾಟಾಗಿ ಬಂದು ಪಕ್ಕಕ್ಕೆ ಮುರಿಯುವಲ್ಲಿ ಚೂಪಾದ ಏಣು ಇರುತ್ತದೆ. ಕೆಲವು ಕೇಸುಗಳಲ್ಲಿ ಆ ಏಣಿನ ಉದ್ದಕ್ಕೂ ಅರ್ಧ ಮಿಲಿಮೀಟರ್ ಅಗಲದ ಓರೆಪಟ್ಟಿಯೊಂದು ಹರಿದಿರುತ್ತದೆ. ಬೆಳಕು ಒಂದು ಮೈಯಲ್ಲಿ ಬಿಳಿಯಾಗಿ, ಪಕ್ಕದ ಮೈಯಲ್ಲಿ ಕಪ್ಪಾಗಿ ಕಾಣುವುದು ಈ ಏಣಿನಿಂದ. ಕೇಸಿಗೆ ಮುಖಲಕ್ಷಣ ಕೊಡುವುದೇ ಅದು.

ಬಟ್ಟೆಯ ಪಾಲಿಶ್ ಚಕ್ರಕ್ಕೆ ಈ ಏಣು ತಿಳಿಯುವುದಿಲ್ಲ. ಚಕ್ರ ಮೆತ್ತಗಿರುತ್ತದೆ. ಒತ್ತಿದರೆ ಬಾಗಿ ಅಂಚಿನ ಎರಡೂ ಬದಿಗೆ ಸುತ್ತಿಕೊಳ್ಳುತ್ತದೆ, ಎತ್ತರವಾಗಿರುವುದನ್ನೆಲ್ಲ ಮೊದಲು ತಿನ್ನುತ್ತದೆ. ಪಟ್ಟಿಯ ಕಡ್ಡಿ ಕೂರುವ ತೂತಿನ ಬಾಯಿ ದುಂಡಗಿದ್ದದ್ದು ಉದ್ದುದ್ದವಾಗಿ ಹಿಗ್ಗುತ್ತದೆ. ಕೆತ್ತಿದ ಅಕ್ಷರಗಳ ಒಂದು ಬದಿ ಮಾಸುತ್ತದೆ. ನಾಲ್ಕೈದು ಬಾರಿ ಹೀಗೆ ಪಾಲಿಶ್ ಆದ ಉಕ್ಕಿನ ಕೇಸು ಬಚ್ಚಲಲ್ಲಿ ಕರಗಿದ ಸೋಪಿನ ತುಂಡಿನಂತಾಗಿರುತ್ತದೆ. ಬೇಕಾದಷ್ಟು ಹೊಳಪಿದೆ, ಆಕಾರವಿಲ್ಲ. ಅಂಥದ್ದನ್ನು ಕೈಯಲ್ಲಿ ಹಿಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಗೀರುಗಳಿದ್ದಾಗ ಅದರಲ್ಲಿ ಇನ್ನೂ ಎಲ್ಲವೂ ಇತ್ತು.

ಹಾಗಾದರೆ ಸರಿಯಾದ ದಾರಿ ಯಾವುದು? ಗಟ್ಟಿಯಾದ ಸಪಾಟು ಆಸರೆ. ದಪ್ಪ ಗಾಜಿನ ಹಲಗೆಯ ಮೇಲೆ ಮರಳುಕಾಗದ ಅಂಟಿಸಿ, ಕೇಸಿನ ಸಪಾಟು ಮೈಯನ್ನು ಅದರ ಮೇಲಿಟ್ಟು ಎಳೆಯುವುದು. ಕಿರಿದಾದ ಜಾಗಗಳಿಗೆ ಅದೇ ಕಾಗದವನ್ನು ಲೋಹದ ಅಥವಾ ಮರದ ಪಟ್ಟಿಗೆ ಸುತ್ತಿ ಅರದಂತೆ ಬಳಸುವುದು. ಕಾಗದದ ಸಂಖ್ಯೆ ಹೆಚ್ಚಿದಷ್ಟೂ ಅದರ ಕಣ ನವಿರು; 400ರಿಂದ ಆರಂಭಿಸಿ 600, 800, 1000, 1500, 2000 ಎಂದು ಏರುತ್ತಾ ಹೋಗುತ್ತಾರೆ. ಗೀರುಗಳು ಹಗುರವಾಗಿದ್ದರೆ 800ರಿಂದಲೇ ಹೊರಡುವುದು ಜಾಣತನ. ಪ್ರತಿ ಹಂತದಲ್ಲೂ ಉಜ್ಜುವ ದಿಕ್ಕನ್ನು ತೊಂಬತ್ತು ಡಿಗ್ರಿ ತಿರುಗಿಸಬೇಕು. ಹಿಂದಿನ ಕಾಗದದ ಗೆರೆಗಳು ಒಂದೂ ಉಳಿದಿಲ್ಲ ಎಂಬುದು ಆಗ ಮಾತ್ರ ಕಣ್ಣಿಗೆ ಸ್ಪಷ್ಟವಾಗುತ್ತದೆ. ಬಟ್ಟೆಯ ಚಕ್ರ ಬರುವುದಾದರೆ ಕೊನೆಗೆ, ಕೆಲವೇ ಸೆಕೆಂಡುಗಳ ಮಟ್ಟಿಗೆ.

ಕಾರ್ಖಾನೆಗಳು ಇದೇ ತತ್ವವನ್ನು ಯಂತ್ರದಲ್ಲಿ ಅಳವಡಿಸಿಕೊಂಡಿವೆ. ತಿರುಗುವ ಗಟ್ಟಿ ತಟ್ಟೆಯ ಮುಖಕ್ಕೆ ಕೇಸನ್ನು ನಿಖರವಾದ ಕೋನದಲ್ಲಿ ಒತ್ತಿಹಿಡಿಯುತ್ತಾರೆ. ಹೊರಬರುವ ಮೈ ಅಲುಗದ ನೀರಿನಂತೆ ಸಪಾಟಾಗಿರುತ್ತದೆ. ಜಪಾನಿನ ಸೇಕೋ ಕಂಪನಿ "ಜರಾತ್ಸು" ಎಂದು ಕರೆಯುವ ಒಪ್ಪ ಇದೇ. ಅವರು ಬಳಸಿದ ಯಂತ್ರ ಸಲ್ಲಾಸ್ ಎಂಬ ಹೆಸರಿನದು. ಆ ಹೆಸರು ಜಪಾನಿ ನಾಲಿಗೆಯಲ್ಲಿ ಜರಾತ್ಸು ಆಯಿತು. 1967ರಲ್ಲಿ ಬಂದ ಅವರ 44ಜಿಎಸ್ ಮಾದರಿಯ ಕೊಂಬುಗಳನ್ನು ನೋಡಿದರೆ ಏಣು ಎಂದರೇನು ಎಂದು ಬೇರೆ ವಿವರಿಸಬೇಕಾಗಿಲ್ಲ. ಅಂಥ ಕೇಸೊಂದನ್ನು ಮೆತ್ತನೆಯ ಚಕ್ರಕ್ಕೆ ಹಿಡಿದರೆ ಕೆಲವೇ ನಿಮಿಷಗಳಲ್ಲಿ ಅದೆಲ್ಲ ಮುಗಿದುಹೋಗುತ್ತದೆ.

ಎಲ್ಲ ಮೈಯೂ ಕನ್ನಡಿಯಂತೆ ಹೊಳೆಯಬೇಕಾಗಿಲ್ಲ ಎಂಬುದನ್ನೂ ನೆನಪಿಡಬೇಕು. ಎಷ್ಟೋ ಕೇಸುಗಳಲ್ಲಿ ಕೊಂಬಿನ ಮೇಲ್ಭಾಗಕ್ಕೆ ಒಂದೇ ದಿಕ್ಕಿನ ನವಿರು ಗೆರೆಗಳ ಮಂದ ಒಪ್ಪವಿರುತ್ತದೆ, ಪಕ್ಕಗಳಿಗೆ ಹೊಳಪಿರುತ್ತದೆ. ಹೊಳಪಿನ ಭಾಗವನ್ನು ಮೊದಲು ಮುಗಿಸಿ, ಅದಕ್ಕೆ ಅಂಟುಪಟ್ಟಿ ಹಚ್ಚಿ ಮರೆಮಾಡಿ, ಬಳಿಕ ಗೆರೆಗಳನ್ನು ಎಳೆಯುತ್ತಾರೆ. ಹಿಂದೆ ಮುಂದೆ ಉಜ್ಜಿದರೆ ಗೆರೆಗಳು ತುದಿಯಲ್ಲಿ ಕೊಕ್ಕೆಯಂತೆ ಬಾಗುತ್ತವೆ. ಒಂದೇ ಉಸಿರಿನಲ್ಲಿ, ಒಂದೇ ದಿಕ್ಕಿಗೆ ಎಳೆದು, ಕೈ ಎತ್ತಿ, ಮತ್ತೆ ಮೊದಲಿನಿಂದ ಎಳೆಯಬೇಕು. ಮೂಲದಲ್ಲಿ ಒಪ್ಪ ಹೇಗಿತ್ತು ಎಂದು ತಿಳಿಯಲು ಕೊಂಬುಗಳ ಒಳಬದಿಯನ್ನೂ ಗಾಜಿನ ಬಳೆಯ ಅಡಿಯನ್ನೂ ನೋಡಿ. ಬಟ್ಟೆ, ಮೇಜು, ಬೆವರು ಯಾವುದೂ ಅಲ್ಲಿಗೆ ಸುಲಭವಾಗಿ ತಲುಪಿರುವುದಿಲ್ಲ. ಕಾರ್ಖಾನೆಯ ಬಣ್ಣವೂ ಗೆರೆಯೂ ಅಲ್ಲಿ ಉಳಿದಿರುವ ಸಾಧ್ಯತೆ ಹೆಚ್ಚು.

ಗುಳಿಗಳನ್ನು ತುಂಬುವುದು

ಲೇಪ ಒಡೆದ ಕಡೆ ಬೆವರಿನ ಉಪ್ಪು ಹಿತ್ತಾಳೆಯನ್ನು ಮುಟ್ಟುತ್ತದೆ. ಹಿತ್ತಾಳೆ ತಾಮ್ರ ಮತ್ತು ಸತುವಿನ ಬೆರಕೆ. ಇವೆರಡರಲ್ಲಿ ಸತು ಬೇಗ ಕರಗುತ್ತದೆ. ಸತು ಹೋದ ಜಾಗದಲ್ಲಿ ಸಡಿಲವಾದ, ಸ್ಪಂಜಿನಂಥ, ಗುಲಾಬಿ ಬಣ್ಣದ ತಾಮ್ರ ಉಳಿಯುತ್ತದೆ. ಹಸಿರು ಕಿಲುಬನ್ನು ಒರೆಸಿದಾಗ ಅಡಿಯಲ್ಲಿ ಗುಲಾಬಿ ಚುಕ್ಕೆ ಕಂಡರೆ ಅಲ್ಲಿಯ ಲೋಹ ಒಳಗಿನಿಂದ ಟೊಳ್ಳಾಗಿದೆ ಎಂದರ್ಥ. ಅದರ ಮೇಲೆ ನೇರವಾಗಿ ಲೇಪ ಹಾಕಿದರೆ, ರಂಧ್ರಗಳಲ್ಲಿ ಸಿಕ್ಕಿಕೊಂಡ ಉಪ್ಪು ಮತ್ತು ದ್ರಾವಣ ಕೆಲವು ತಿಂಗಳಲ್ಲಿ ಹೊಸ ಪದರವನ್ನು ಗುಳ್ಳೆಯಾಗಿ ಎಬ್ಬಿಸುತ್ತವೆ. ಸಡಿಲ ಲೋಹವನ್ನು ಕೆರೆದು, ಗಟ್ಟಿ ಲೋಹ ಸಿಗುವವರೆಗೆ ಹೋಗಲೇಬೇಕು.

ಆಮೇಲೆ ತುಂಬುವ ದಾರಿ ಮೂರು. ಉಕ್ಕಿಗೂ ಚಿನ್ನಕ್ಕೂ ಲೇಸರ್ ಬೆಸುಗೆ ಎಲ್ಲಕ್ಕಿಂತ ಉತ್ತಮ. ಕೂದಲಿನಷ್ಟು ಸಣ್ಣ ತಂತಿಯನ್ನು ಗುಳಿಯೊಳಗೆ ಚುಕ್ಕೆ ಚುಕ್ಕೆಯಾಗಿ ಕರಗಿಸುತ್ತಾರೆ, ಶಾಖ ಅಕ್ಕಪಕ್ಕಕ್ಕೆ ಹರಡುವುದಿಲ್ಲ. ಹಿತ್ತಾಳೆಗೆ ಬೆಳ್ಳಿಯ ಬೆಸುಗೆ ನಡೆಯುತ್ತದೆ. ಆದರೆ ಕೆಲವು ಹಳೆಯ ಕೇಸುಗಳಲ್ಲಿ ಕೊಂಬುಗಳನ್ನೇ ಬೆಸುಗೆಯಿಂದ ಕೂರಿಸಿರುತ್ತಾರೆ, ಉರಿ ತಾಗಿದರೆ ಅವು ಸಡಿಲವಾಗುತ್ತವೆ. ಮೂರನೆಯದು ತಾಮ್ರದ ದಪ್ಪ ಪದರ. ಕೇಸಿನ ಮೇಲೆ ತಾಮ್ರವನ್ನು ವಿದ್ಯುತ್ತಿನಿಂದ ಬೆಳೆಸಿ, ಮರಳುಕಾಗದದಿಂದ ಸಪಾಟು ಮಾಡಿ, ಮತ್ತೆ ಬೆಳೆಸಿ, ಮತ್ತೆ ಉಜ್ಜಿ, ಗುಳಿಯ ತಳ ಸುತ್ತಲಿನ ಮಟ್ಟಕ್ಕೆ ಏರುವವರೆಗೆ ಹೀಗೆಯೇ ಮುಂದುವರಿಯಬೇಕು. ತಾಳ್ಮೆ ಬೇಡುವ ಕೆಲಸ. ಕೇಸಿನ ಮೂಲ ಅಳತೆಯನ್ನು ಉಳಿಸಿಕೊಂಡು ಗುಳಿಯನ್ನು ಇಲ್ಲವಾಗಿಸುವ ದಾರಿ ಇದು. ಸುತ್ತಲಿನ ಮೈಯನ್ನೆಲ್ಲ ಗುಳಿಯ ಮಟ್ಟಕ್ಕೆ ಇಳಿಸುವುದಕ್ಕಿಂತ ಸಾವಿರ ಪಾಲು ಮೇಲು.

ತೊಟ್ಟಿಯೊಳಗೆ ನಡೆಯುವುದು

ವಿದ್ಯುತ್ತಿನಿಂದ ಚಿನ್ನ ಕೂರಿಸುವುದನ್ನು ಇಟಲಿಯ ಲುಯಿಜಿ ಬ್ರುಗ್ನಾತೆಲ್ಲಿ 1805ರಲ್ಲೇ ಮಾಡಿ ತೋರಿಸಿದ್ದ. ಅದನ್ನು ಉದ್ಯಮವಾಗಿ ಬೆಳೆಸಿದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಎಲ್ಕಿಂಗ್‌ಟನ್ ಬಂಧುಗಳು, 1840ರ ತಮ್ಮ ಪೇಟೆಂಟಿನೊಂದಿಗೆ. ಅದಕ್ಕೂ ಹಿಂದೆ ಚಿನ್ನವನ್ನು ಪಾದರಸದಲ್ಲಿ ಕಲಸಿ ಬಳಿದು, ಪಾದರಸ ಆವಿಯಾಗುವವರೆಗೆ ಕಾಯಿಸುತ್ತಿದ್ದರು. ಆ ಆವಿ ಕುಶಲಕರ್ಮಿಗಳ ಪ್ರಾಣಕ್ಕೆ ಎರವಾಗುತ್ತಿತ್ತು.

ವಿದ್ಯುಲ್ಲೇಪನದ ತಿರುಳು ಸರಳ. ಲೋಹದ ಅಯಾನುಗಳು ಕರಗಿರುವ ದ್ರಾವಣದಲ್ಲಿ ಕೇಸನ್ನು ಋಣ ತುದಿಗೆ ಕಟ್ಟಿ ಇಳಿಬಿಡುತ್ತಾರೆ. ಧನ ಆವೇಶದ ಅಯಾನುಗಳು ಕೇಸಿನತ್ತ ಬಂದು, ಅದರ ಮೈಯಿಂದ ಎಲೆಕ್ಟ್ರಾನ್ ಪಡೆದು, ಲೋಹವಾಗಿ ಕೂರುತ್ತವೆ. ನಿಕಲ್ ತೊಟ್ಟಿಯಲ್ಲಿ ಧನ ತುದಿಗೆ ಕಟ್ಟಿದ ನಿಕಲ್ ತಾನೇ ಕರಗುತ್ತಾ ದ್ರಾವಣವನ್ನು ತುಂಬಿಸುತ್ತದೆ. ಚಿನ್ನದ ತೊಟ್ಟಿಯಲ್ಲಿ ಸಾಮಾನ್ಯವಾಗಿ ಕರಗದ ತುದಿಯನ್ನು ಬಳಸುತ್ತಾರೆ. ಚಿನ್ನವೆಲ್ಲ ದ್ರಾವಣದಿಂದಲೇ ಬರಬೇಕು.

ಎಷ್ಟು ವಿದ್ಯುತ್ ಹರಿಯಿತೋ ಅಷ್ಟಕ್ಕೆ ತಕ್ಕ ಲೋಹ ಕೂರುತ್ತದೆ ಎನ್ನುವುದು ಮೈಕೆಲ್ ಫ್ಯಾರಡೆಯ ನಿಯಮ. ಇದನ್ನು ಒಂದು ಕೇಸಿಗೆ ಅನ್ವಯಿಸಿ ನೋಡೋಣ. ಕೇಸಿನ ಹೊರಮೈ 20 ಚದರ ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಅದರ ಮೇಲೆ 10 ಮೈಕ್ರಾನ್ ಚಿನ್ನವೆಂದರೆ 0.02 ಘನ ಸೆಂಟಿಮೀಟರ್. ಚಿನ್ನದ ಸಾಂದ್ರತೆ 19.3 ಆದ್ದರಿಂದ ತೂಕ ಸುಮಾರು 0.39 ಗ್ರಾಂ. ಚಿನ್ನದ ಮಾಮೂಲಿ ದ್ರಾವಣದಲ್ಲಿ ಒಂದು ಆಂಪಿಯರ್ ಒಂದು ಗಂಟೆ ಹರಿದರೆ 7.35 ಗ್ರಾಂ ಚಿನ್ನ ಕೂರುತ್ತದೆ. ಇಷ್ಟು ಚಿಕ್ಕ ವಸ್ತುವಿಗೆ 0.1 ಆಂಪಿಯರ್ ಹರಿಸಿದರೆ, ಒಂದಿಷ್ಟೂ ಪೋಲಾಗದಿದ್ದರೂ ಅರ್ಧ ಗಂಟೆಯ ಮೇಲೆ ಬೇಕು. ಅದೇ ಪ್ರವಾಹದಲ್ಲಿ 0.1 ಮೈಕ್ರಾನ್ ಕೂರಲು ಬೇಕಾಗುವುದು ಸುಮಾರು 20 ಸೆಕೆಂಡು. ಸೇರುವ ಚಿನ್ನ ನಾಲ್ಕು ಮಿಲಿಗ್ರಾಂ.

ತೊಟ್ಟಿಯಿಂದ ತೆಗೆದ ಕೂಡಲೇ ಇವೆರಡನ್ನೂ ಪಕ್ಕಪಕ್ಕದಲ್ಲಿಟ್ಟರೆ ಕಣ್ಣಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ. ಒಂದು ಹಲವು ವರ್ಷ ಬಾಳುತ್ತದೆ, ಇನ್ನೊಂದು ಕೆಲವೇ ತಿಂಗಳಲ್ಲಿ ಅಂಚುಗಳಿಂದ ಮಾಯವಾಗುತ್ತದೆ. ಆದ್ದರಿಂದ ಲೇಪ ಹಾಕುವವರನ್ನು ಕೇಳಬೇಕಾದ ಮೊದಲ ಪ್ರಶ್ನೆ "ಎಷ್ಟು ಮೈಕ್ರಾನ್?" ಎಂಬುದು. "ಚಿನ್ನದ ಲೇಪ ಹಾಕಿಕೊಡುತ್ತೇವೆ" ಎಂಬುದು ಅದಕ್ಕೆ ಉತ್ತರವಲ್ಲ. ಎರಡನೆಯ ಪ್ರಶ್ನೆ ಬಣ್ಣದ್ದು. ಗಡಿಯಾರದ ಚಿನ್ನದ ಬಣ್ಣಗಳಿಗೆ ಅಂತರರಾಷ್ಟ್ರೀಯ ಗುರುತುಗಳೇ ಇವೆ: 2ಎನ್ ತಿಳಿಹಳದಿ, 3ಎನ್ ಹಳದಿ, 4ಎನ್ ಗುಲಾಬಿ, 5ಎನ್ ಕೆಂಪು. ಕೊಂಬಿನ ಒಳಬದಿಯಲ್ಲಿ ಉಳಿದ ಹಳೆಯ ಚಿನ್ನದೊಂದಿಗೆ ಹೋಲಿಸಿ ಆರಿಸಿಕೊಳ್ಳಬೇಕು. ಅದಿಲ್ಲದೆ ಹಾಕಿಸಿದ ಕಣ್ಣುಕುಕ್ಕುವ ಹಳದಿ ಹಳೆಯ ಡಯಲಿನ ಜೊತೆ ಎಂದಿಗೂ ಹೊಂದುವುದಿಲ್ಲ.

ಮೂರನೆಯ ಪ್ರಶ್ನೆ, ಚಿನ್ನದ ಅಡಿಯಲ್ಲಿ ಏನಿದೆ? ಹಿತ್ತಾಳೆಯ ಮೇಲೆ ನೇರವಾಗಿ ತೆಳುಚಿನ್ನ ಹಾಕಿದರೆ ತಾಮ್ರ ಮತ್ತು ಸತುವಿನ ಪರಮಾಣುಗಳು ನಿಧಾನವಾಗಿ ಚಿನ್ನದ ಮೂಲಕ ಮೇಲಕ್ಕೆ ಹಾದು ಬಂದು ಗಾಳಿಯಲ್ಲಿ ಕಪ್ಪಾಗುತ್ತವೆ. ಚಿನ್ನ ಸವೆಯದಿದ್ದರೂ ಬಣ್ಣಗೆಡುತ್ತದೆ. ನಡುವೆ ನಿಕಲ್ ಪದರವಿದ್ದರೆ ಅದು ಗೋಡೆಯಂತೆ ತಡೆಯುತ್ತದೆ. ಆದರೆ ನಿಕಲ್ ಎಷ್ಟೋ ಜನರ ಚರ್ಮಕ್ಕೆ ಆಗಿಬರುವುದಿಲ್ಲ. ಕೆಂಪಾಗಿ ತುರಿಕೆ ಏಳುತ್ತದೆ. ಚರ್ಮಕ್ಕೆ ತಾಗಿರುವ ವಸ್ತುಗಳಿಂದ ವಾರಕ್ಕೆ ಚದರ ಸೆಂಟಿಮೀಟರಿಗೆ 0.5 ಮೈಕ್ರೋಗ್ರಾಂಗಿಂತ ಹೆಚ್ಚು ನಿಕಲ್ ಹೊರಬರಬಾರದೆಂದು ಐರೋಪ್ಯ ಒಕ್ಕೂಟ 1994ರಲ್ಲಿ ಮಿತಿ ಹಾಕಿದ್ದು ಇದೇ ಕಾರಣಕ್ಕೆ. ಅಂಥ ಚರ್ಮದವರು ಧರಿಸುವ ವಾಚಾದರೆ ನಿಕಲ್ ಬದಲು ಪಲ್ಲಾಡಿಯಂ ಅಥವಾ ತಾಮ್ರ, ತವರ, ಸತು ಬೆರೆತ ಬಿಳಿಕಂಚಿನ ಪದರವನ್ನು ಕೇಳಿ ಹಾಕಿಸಿಕೊಳ್ಳಬಹುದು.

ಕ್ರೋಮ್ ಕೇಸುಗಳಲ್ಲಿ ಕೆಲಸ ಹಂಚಿಹೋಗಿದೆ. ಗೀರು ಬೀಳದಂತೆ ಕಾಯುವುದು ಮೇಲಿನ ತೆಳು ಕ್ರೋಮಿಯಂ, ತುಕ್ಕಿನಿಂದ ಕಾಯುವುದು ಅದರ ಅಡಿಯ ದಪ್ಪ ನಿಕಲ್. ನಿಕಲ್ಲಿನಲ್ಲಿ ಜಿಪುಣತನ ಮಾಡಿದ ಕ್ರೋಮ್ ಕೆಲಸ ಹೆಚ್ಚು ದಿನ ಬಾಳುವುದಿಲ್ಲ. ಹಳೆಯ ಕ್ರೋಮಿನ ಮೇಲೆ ಹೊಸ ಕ್ರೋಮ್ ಹಿಡಿಯುವುದಿಲ್ಲ, ಏಕೆಂದರೆ ಹಳೆಯದರ ಮೇಲೆ ಆಕ್ಸೈಡಿನ ಪೊರೆ ಇರುತ್ತದೆ. ಪೂರ್ತಿ ಕಳಚಿಯೇ ಹೊಸದಾಗಿ ಕಟ್ಟಬೇಕು. ಕ್ರೋಮ್ ತೊಟ್ಟಿಗೆ ಇನ್ನೊಂದು ಕೊರತೆಯಿದೆ: ಅದು ಮೂಲೆಗಳೊಳಗೆ ಹೋಗುವುದಿಲ್ಲ. ವಿದ್ಯುತ್ತಿಗೆ ಎದ್ದುನಿಂತ ಅಂಚುಗಳೆಂದರೆ ಪ್ರೀತಿ. ಅಲ್ಲಿ ಲೋಹ ದಪ್ಪವಾಗಿ ಕೂರುತ್ತದೆ, ಕೊಂಬುಗಳ ನಡುವಿನ ಸಂದಿಯಲ್ಲಿ ಏನೂ ಕೂರದೆ ಹಳದಿ ನಿಕಲ್ ಹಾಗೆಯೇ ಉಳಿಯುತ್ತದೆ. ಅನುಭವಸ್ಥರು ಆ ಸಂದಿಯ ಎದುರಿಗೇ ಸಣ್ಣ ಧನ ತುದಿಯೊಂದನ್ನು ಹಿಡಿದು ಇದನ್ನು ಸರಿಪಡಿಸುತ್ತಾರೆ.

ಇಷ್ಟೆಲ್ಲ ಲೆಕ್ಕಾಚಾರವೂ ಒಂದು ಬೆರಳಚ್ಚಿನಿಂದ ಕೆಡಬಹುದು. ಎಣ್ಣೆಯ ಪಸೆ ಇರುವ ಕಡೆ ಲೇಪ ಹಿಡಿಯುವುದಿಲ್ಲ. ಕೇಸು ಶುದ್ಧವಾಗಿದೆಯೇ ಎಂದು ನೋಡಲು ಯಾವ ಉಪಕರಣವೂ ಬೇಡ. ತೊಳೆದ ಕೇಸನ್ನು ಇಕ್ಕಳದಲ್ಲಿ ಹಿಡಿದು ಶುದ್ಧ ನೀರಿನಲ್ಲಿ ಮುಳುಗಿಸಿ ಎತ್ತಿ, ಅಲುಗಾಡಿಸದೆ ನೋಡಿ. ನೀರು ಇಡೀ ಮೈಯನ್ನು ಒಂದೇ ಪೊರೆಯಾಗಿ ಹೊದ್ದುಕೊಂಡು ಅರ್ಧ ನಿಮಿಷ ನಿಂತರೆ ಅದು ಸಿದ್ಧ. ಎಲ್ಲಾದರೂ ಪೊರೆ ಹರಿದು, ಕೆಸುವಿನ ಎಲೆಯ ಮೇಲಿನಂತೆ ನೀರು ಹನಿಗಟ್ಟಿ ಸರಿದರೆ ಅಲ್ಲಿ ಪಾಲಿಶ್ ಮೇಣ ಅಥವಾ ಬೆರಳಿನ ಜಿಡ್ಡು ಉಳಿದಿದೆ. ಹೆಚ್ಚಾಗಿ ಅದು ಉಳಿಯುವುದು ಕೆತ್ತಿದ ಅಕ್ಷರಗಳ ತಳದಲ್ಲಿ ಮತ್ತು ಕೊಂಬಿನ ಬುಡದಲ್ಲಿ. ಮತ್ತೆ ತೊಳೆಯಬೇಕು. ಈ ಪರೀಕ್ಷೆಯನ್ನು ಹಾರಿಸಿದ ಕೆಲಸಗಳೇ ಮುಂದೆ ಸಿಪ್ಪೆ ಸುಲಿದಂತೆ ಏಳುತ್ತವೆ.

ಮನೆಯಲ್ಲಿ ಮಾಡಬಾರದ್ದು

ಉಜ್ಜುವುದನ್ನೂ ಒಪ್ಪ ಹಾಕುವುದನ್ನೂ ಮನೆಯಲ್ಲಿ ಕಲಿಯಬಹುದು. ಲೇಪ ಕಳಚುವುದನ್ನೂ ಹಾಕುವುದನ್ನೂ ಕಲಿಯಬಾರದು. ಚಿನ್ನದ ಲೇಪನದ ದ್ರಾವಣಗಳಲ್ಲಿ ಬಹುಪಾಲು ಸಯನೈಡ್ ಇರುತ್ತದೆ. ಅದಕ್ಕೆ ಆಮ್ಲ ತಾಗಿದರೆ ಹೊರಡುವ ಅನಿಲ ಕ್ಷಣಗಳಲ್ಲಿ ಕೊಲ್ಲುತ್ತದೆ. ಕ್ರೋಮ್ ಕಳಚುವಾಗ ಮತ್ತು ಹಾಕುವಾಗ ಹುಟ್ಟುವ ಆರು ವೇಲೆನ್ಸಿಯ ಕ್ರೋಮಿಯಂ ಕ್ಯಾನ್ಸರ್ ತರುತ್ತದೆ, ಚರಂಡಿಗೆ ಸುರಿದರೆ ನೀರನ್ನು ಕೆಡಿಸುತ್ತದೆ. ಈ ಹಂತವನ್ನು ಹೊಗೆ ಹೊರಹಾಕುವ ವ್ಯವಸ್ಥೆಯೂ ತ್ಯಾಜ್ಯ ಶುದ್ಧೀಕರಣವೂ ಇರುವ ಕಾರ್ಯಾಗಾರಕ್ಕೇ ಬಿಡಬೇಕು. ಇದರಲ್ಲಿ ನನಗೆ ರಾಜಿಯಿಲ್ಲ.

ಇನ್ನೊಂದು ಅಪಾಯ ಕಣ್ಣಿಗೆ ಕಾಣುವುದೇ ಇಲ್ಲ. 1960ರ ದಶಕದವರೆಗೂ ಅನೇಕ ವಾಚುಗಳ ಮುಳ್ಳು ಮತ್ತು ಅಂಕಿಗಳಿಗೆ ರೇಡಿಯಂ ಬೆರೆತ ಹೊಳೆಯುವ ಬಣ್ಣ ಹಚ್ಚುತ್ತಿದ್ದರು. ಆ ಬಣ್ಣ ಈಗ ಕತ್ತಲಲ್ಲಿ ಹೊಳೆಯದಿರಬಹುದು. ದಣಿದಿರುವುದು ಅದರಲ್ಲಿನ ಸತುವಿನ ಸಲ್ಫೈಡ್. ರೇಡಿಯಂ ಹಾಗೆಯೇ ಇದೆ, ಅದರ ಅರ್ಧಾಯುಷ್ಯ 1600 ವರ್ಷ. ಉದುರಿದ ಪುಡಿ ಕೇಸಿನ ಒಳಗೋಡೆಗೆ ಅಂಟಿರುತ್ತದೆ. ಅಂಥ ಕೇಸನ್ನು ಒಣಗಿದ್ದಾಗ ಉಜ್ಜಿದರೆ ಅಥವಾ ಊದಿದರೆ ಪುಡಿ ಉಸಿರಿಗೆ ಸೇರುತ್ತದೆ. ಕಂದುಗಟ್ಟಿದ ದಪ್ಪ ಬಣ್ಣದ ಅಂಕಿಗಳು ಕಂಡರೆ, ಅಂಥದ್ದನ್ನು ಕೈಯಾಡಿಸಿ ಬಲ್ಲ ಗಡಿಯಾರ ತಜ್ಞರಿಂದಲೇ ಬಿಚ್ಚಿಸಬೇಕು.

ಮತ್ತೆ ಜೋಡಿಸುವಾಗ

ಕೆಲಸಕ್ಕೆ ಕೊಡುವ ಮೊದಲು ಯಂತ್ರ, ಡಯಲು, ಗಾಜು, ಕೀ ಕೊಡುವ ಗುಂಡಿ, ರಬ್ಬರ್ ಬಳೆ ಎಲ್ಲವನ್ನೂ ತೆಗೆದಿರಬೇಕು. ಯಂತ್ರ ಒಳಗಿರುವಾಗಲೇ ಪಾಲಿಶ್ ಮಾಡಿಸಿದ ವಾಚುಗಳನ್ನು ಬಿಚ್ಚಿದರೆ ಗುಂಡಿಯ ಕೊಳವೆಯ ಮೂಲಕ ಒಳನುಗ್ಗಿದ ಕೆಂಪು ಮೇಣ ಚಕ್ರಗಳ ಹಲ್ಲಿನಲ್ಲಿ ಕುಳಿತಿರುತ್ತದೆ. ಮರಳಿ ಜೋಡಿಸುವ ಹೊತ್ತಿನಲ್ಲಿ ಬೇರೊಂದು ಲೆಕ್ಕ ಎದುರಾಗುತ್ತದೆ. ಗಾಜು ಕೂರುವ ಗುಂಡನೆಯ ಬಾಯಿಗೆ ತಾಮ್ರ, ನಿಕಲ್, ಚಿನ್ನ ಸೇರಿ 20 ಮೈಕ್ರಾನ್ ಪದರ ಬಂದಿದೆ ಎನ್ನಿ. ಅದು ಎರಡೂ ಬದಿಯಿಂದ ಬಂದಿರುವುದರಿಂದ ಬಾಯಿಯ ವ್ಯಾಸ 40 ಮೈಕ್ರಾನ್ ಕುಗ್ಗಿದೆ. ಒತ್ತಿ ಕೂರಿಸುವ ಗಾಜು ಅಲ್ಲಿ ಬಿರುಕು ಬಿಡಬಹುದು. ಒತ್ತಿ ಮುಚ್ಚುವ ಹಿಂಬದಿ ಮುಚ್ಚಳ ಕೂರದೇ ಹೋಗಬಹುದು. ತಿರುಪಿನ ಮುಚ್ಚಳ ಅರ್ಧಕ್ಕೇ ನಿಲ್ಲಬಹುದು. ಅದಕ್ಕಾಗಿಯೇ ತಿರುಪಿನ ಹಲ್ಲುಗಳಿಗೂ ಗಾಜಿನ ಬಾಯಿಗೂ ಮೇಣ ಅಥವಾ ಅರಗು ಹಚ್ಚಿ ಮರೆಮಾಡಿ ಲೇಪಕ್ಕೆ ಇಳಿಸಬೇಕು. ಮೊದಲೇ ಅಳೆದು ಬರೆದಿಟ್ಟ ವ್ಯಾಸಗಳು ಆಗ ಕೈಹಿಡಿಯುತ್ತವೆ.

ಕೇಸಿನ ಒಳಮೈಯನ್ನು ಮಾತ್ರ ಒಪ್ಪ ಹಾಕದೆ ಬಿಡಿ. ಮುಚ್ಚಳದ ಒಳಬದಿಯಲ್ಲಿ ತಯಾರಕರ ಮುದ್ರೆ, ಕ್ರಮಸಂಖ್ಯೆಗಳ ಜೊತೆ, ಹಿಂದೆ ಆ ವಾಚನ್ನು ರಿಪೇರಿ ಮಾಡಿದವರು ಸೂಜಿಯಿಂದ ಗೀಚಿದ ಸಣ್ಣ ಗುರುತುಗಳೂ ದಿನಾಂಕಗಳೂ ಇರುತ್ತವೆ. ಅದು ಆ ವಾಚಿನ ದಿನಚರಿ.

ಹೊರಗಿನ ಮುದ್ರೆಯ ವಿಷಯದಲ್ಲಿ ಒಂದು ಮಾತು ಕಡ್ಡಾಯವಾಗಿ ಹೇಳಬೇಕು. ಮುಚ್ಚಳದ ಮೇಲೆ "20 ಮೈಕ್ರಾನ್" ಎಂದು ಕೆತ್ತಿರುವ ಕೇಸಿನ ಹಳೆಯ ಚಿನ್ನವನ್ನು ಪೂರ್ತಿ ಕಳಚಿ ಒಂದು ಮೈಕ್ರಾನ್ ಹಾಕಿಸಿದರೆ, ಆ ಕೆತ್ತನೆ ಅಂದಿನಿಂದ ಸುಳ್ಳಾಗುತ್ತದೆ. ನೀವು ಅದನ್ನು ಮಾರದಿದ್ದರೂ ನಿಮ್ಮ ಮುಂದಿನವರು ಮಾರಬಹುದು. ಏನು ಕಳಚಿದೆ, ಯಾವ ಗುಳಿಗಳನ್ನು ಯಾವುದರಿಂದ ತುಂಬಿದೆ, ಅಡಿಪದರ ಯಾವುದು, ಮೇಲಿನ ಚಿನ್ನ ಎಷ್ಟು ಮೈಕ್ರಾನ್, ಬಣ್ಣ 2ಎನ್ ಅಥವಾ 3ಎನ್, ಕೆಲಸ ಮುಗಿದ ವರ್ಷ ಯಾವುದು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು, ಕೆಲಸಕ್ಕೆ ಮೊದಲಿನ ಫೋಟೊಗಳ ಜೊತೆ ವಾಚಿನ ಪೆಟ್ಟಿಗೆಯಲ್ಲೇ ಇಟ್ಟುಬಿಡಿ.